ಹನ್ನೆರಡನೆಯ ಚಿತ್ರದ ಹುಡುಗಿ

ಜನವರಿ ೨೨

ಚೂಟಿ,

ಅಕ್ಷರ ನೋಡಿದ ಕೂಡಲೇ ಯಾರೆಂದು ಗೊತ್ತಾಗಿರುತ್ತದೆ. ನಲವತ್ತು ವರ್ಷ ಅಂಗಡಿ ಬೋರ್ಡು ಬರೆದವನ ಕೈ, ಮಗಳಿಗೆ ಕಾಗದ ಬರೆದರೂ ಅಂಗಡಿ ತೆರೆದ ಹಾಗೆಯೇ ಕಾಣುತ್ತದೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ’ ಅನ್ನುತ್ತೀಯ, ನಾನು ‘ಮತ್ತೆ?’ ಅನ್ನುತ್ತೇನೆ, ನೀನು ‘ಏನಿಲ್ಲ’ ಅನ್ನುತ್ತೀಯ, ಅಲ್ಲಿಗೆ ಮಾತು ಮುಗಿಯುತ್ತದೆ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ವಿಷಯ ಇಷ್ಟು. ಇಲ್ಲಿಯ ಗ್ರಂಥಾಲಯದ ಮೇಲ್ಮಹಡಿಯಲ್ಲಿ ನನ್ನ ಚಿತ್ರಗಳನ್ನು ತೂಗುಹಾಕುತ್ತಾರಂತೆ. ಹೌದು, ನನ್ನವೇ. ಗ್ರಂಥಾಲಯದ ಮೇಡಂ ಬಾಗಿಲಿನ ಮೇಲೆ ಹಾಕುವ ಫಲಕ ಬರೆಸಲು ಮನೆಗೆ ಬಂದಿದ್ದರು. ಗೋಡೆಗೆ ಒರಗಿಸಿಟ್ಟಿದ್ದ ಚಿತ್ರಗಳನ್ನು ನೋಡಿ ಬಂದ ಕೆಲಸವನ್ನೇ ಮರೆತರು.

“ಇವರೆಲ್ಲಾ ಯಾರು?” ಅಂದರು.

“ಎಲ್ಲಾ ನಾನೇ.”

“ಇಷ್ಟೊಂದು ಜನಾನಾ?” ಅಂದರು. ನನಗೆ ನಗು ಬಂತು.

ಕುಡಿತ ಬಿಟ್ಟು ನಾಲ್ಕು ವರ್ಷ ಎರಡು ತಿಂಗಳಾಯಿತು ಎಂದು ನಿನಗೆ ಗೊತ್ತು. ಆದರೆ ಸಂಜೆಗಳನ್ನು ಏನು ಮಾಡುತ್ತೇನೆ ಎಂದು ನೀನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಬೀರುವಿನ ಬಾಗಿಲು ತೆರೆದಿಟ್ಟು, ಅದರ ಕನ್ನಡಿಯಲ್ಲಿ ನೋಡಿಕೊಂಡು ನನ್ನನ್ನೇ ಬರೆಯುತ್ತೇನೆ. ಕನ್ನಡಿ ಈಗಿನ ಮುಖವನ್ನು ಮಾತ್ರ ಕೊಡುತ್ತದೆ. ಹಳೆಯ ಮುಖಗಳನ್ನು ನಾನೇ ನೆನಪು ಮಾಡಿಕೊಂಡು ಕಟ್ಟಬೇಕು. ಹೀಗೆ ಹನ್ನೆರಡು ಆಗಿವೆ. ಒಂದರಲ್ಲೂ ಸುಳ್ಳು ಬರೆದಿಲ್ಲ ಎಂದು ಮೇಡಂಗೆ ಜಂಬ ಕೊಚ್ಚಿಕೊಂಡೂ ಆಗಿದೆ.

ಮೂರರ ಫೋಟೊ ಇದರೊಂದಿಗೆ ಇಟ್ಟಿದ್ದೇನೆ. ಒಂದು, ನಾನು ಏಣಿಯ ಮೇಲೆ ನಗುತ್ತಿರುವುದು. ಕೆಳಗೆ ಏಣಿ ಹಿಡಿದಿರುವ ಕೈ ನಿನ್ನ ಅಮ್ಮನದು. ಇನ್ನೊಂದು, ಅಮ್ಮ ತೀರಿಕೊಂಡ ವರ್ಷದ್ದು, ನಾನು ನಿನ್ನ ಶಾಲೆಯ ಲಂಗಕ್ಕೆ ಇಸ್ತ್ರಿ ಮಾಡಲು ಹೋಗಿ ಸುಟ್ಟದ್ದು. ಮೂರನೆಯದು ನಿನ್ನ ತಲೆ ಬಾಚುತ್ತಿರುವುದು. ಬೈತಲೆ ನೆಟ್ಟಗೆ ಬರುವುದಿಲ್ಲ ಎಂದು ನಾನು ಬೋರ್ಡಿಗೆ ಗೆರೆ ಹಾಕುವ ಬಣ್ಣದ ಪುಡಿ ಸವರಿದ ದಾರವನ್ನೇ ನಿನ್ನ ತಲೆಯ ಮೇಲೆ ಎಳೆದು ಹಿಡಿದು ಚಿಮ್ಮಿಸುತ್ತಿದ್ದೆನಲ್ಲ, ಅದು. ನೀನು ನೆತ್ತಿಯ ಮೇಲೆ ನೀಲಿ ಗೆರೆ ಹೊತ್ತುಕೊಂಡೇ ಶಾಲೆಗೆ ಹೋಗುತ್ತಿದ್ದೆ. ಇದರಲ್ಲಿ ನಿನ್ನ ತಲೆಯ ಹಿಂಭಾಗ ಕಾಣುತ್ತದೆ. ಅದಕ್ಕೆ ನಿನ್ನ ಒಪ್ಪಿಗೆ ಕೇಳುವುದಿಲ್ಲ, ಬಾಚಿದವನು ನಾನು.

ಒಪ್ಪಿಗೆ ಬೇಕಾಗಿರುವುದು ಹನ್ನೆರಡನೆಯದಕ್ಕೆ. ಅದು ನಿನ್ನ ಹೊಸ ಶಾಲೆಯ ಮೆಟ್ಟಿಲಿನದು, ಬಹುಮಾನ ಕೊಡುವ ದಿನದ್ದು, ನಾನು ಕುಡಿದು ಬಂದು ಎಲ್ಲರ ಮುಂದೆ ಬಿದ್ದದ್ದು. ಅದರಲ್ಲಿ ನೀನೂ ಇದ್ದೀಯ, ಬೆನ್ನು ಮಾತ್ರ. ಏಪ್ರಿಲ್ ೧೦ಕ್ಕೆ ಪ್ರದರ್ಶನ ಶುರು. ನೀನು ಬೇಡ ಎಂದರೆ ಅದು ಮನೆಯಲ್ಲೇ ಉಳಿಯುತ್ತದೆ, ನನ್ನ ಮುಖ ಊದುವುದೂ ಇಲ್ಲ.

ಅಳಿಯನಿಗೆ ಕೇಳಿದೆ ಎಂದು ಹೇಳು.

ಕೈ ನಡುಗದೆ ಬರೆದ
ಅಪ್ಪ

*

ಫೆಬ್ರವರಿ ೬

ಅಪ್ಪ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ತುಂಬಾ ಕೆಲಸವಿತ್ತು ಎಂದು ಬರೆಯಬಹುದು. ಇದ್ದದ್ದೂ ನಿಜ, ಈ ವಾರ ನಮ್ಮ ಲ್ಯಾಬಿನ ಮೇಜಿನಿಂದ ಇಪ್ಪತ್ತಾರು ಕೃತಕ ಹಲ್ಲು ತಯಾರಾಗಿ ಹೋದವು. ಆದರೆ ತಡವಾದದ್ದು ಅದಕ್ಕಲ್ಲ.

ಮೊದಲು ಸುಲಭದ್ದನ್ನು ಹೇಳಿ ಮುಗಿಸುತ್ತೇನೆ. ಏಣಿಯ ಚಿತ್ರದಲ್ಲಿ ನಿನ್ನ ಹಲ್ಲಿಗೆ ಡಬ್ಬಿಯ ಬಿಳಿಯನ್ನೇ ಬಳಿದುಬಿಟ್ಟಿದ್ದೀಯ. ಹೊಸದಾಗಿ ಸುಣ್ಣ ಹೊಡೆದ ಕಾಂಪೌಂಡಿನ ಹಾಗೆ ಕಾಣುತ್ತದೆ. ಬದುಕಿರುವ ಹಲ್ಲು ಬಿಳಿ ಇರುವುದಿಲ್ಲ ಅಪ್ಪ. ಬುಡದಲ್ಲಿ ಹಳದಿ, ನಡುವೆ ಸ್ವಲ್ಪ ಬೂದಿ ಬೆರೆತ ಕೆನೆ, ತುದಿಯಲ್ಲಿ ಬಣ್ಣವೇ ಇಲ್ಲ ಅನ್ನುವಷ್ಟು ತೆಳು. ನಮ್ಮಲ್ಲಿ ಹದಿನಾರು ಮಾದರಿ ಹಲ್ಲುಗಳ ಪಟ್ಟಿ ಇದೆ, ಒಂದೊಂದಕ್ಕೂ ನಂಬರು. ಅದನ್ನು ಬಾಯಿಯ ಪಕ್ಕ ಹಿಡಿದು ಬಣ್ಣ ಹೊಂದಿಸಿ, ಆಮೇಲೆ ಪಿಂಗಾಣಿ ಪುಡಿಯನ್ನು ಕುಂಚದಲ್ಲಿ ಪದರ ಪದರವಾಗಿ ಹಚ್ಚುತ್ತೇವೆ. ನಿನ್ನ ಹಲ್ಲಿನ ನಂಬರು ಎ-ಮೂರೂವರೆ. ಇದು ಅಂದಾಜಲ್ಲ.

ಎರಡನೆಯದು, ಸುಟ್ಟದ್ದು ಲಂಗವಲ್ಲ, ಅಂಗಿಯ ಕಾಲರು. ನೀನು ಸುಟ್ಟ ಗುರುತು ಕಾಣಬಾರದೆಂದು ಅದರ ಮೇಲೆ ಬೋರ್ಡಿನ ಬಿಳಿ ಪೇಂಟು ಹಚ್ಚಿದೆ. ಅದು ಒಣಗಿ ರಟ್ಟಿನಂತಾಯಿತು. ಅವತ್ತು ಇಡೀ ದಿನ ನಾನು ಕತ್ತು ತಿರುಗಿಸಲಿಲ್ಲ. ಪಕ್ಕದವಳು ಕರೆದರೆ ಮೈಯನ್ನೇ ತಿರುಗಿಸಿ ನೋಡುತ್ತಿದ್ದೆ. ಟೀಚರು “ಯಾಕೆ, ಉಳುಕಿದೆಯಾ?” ಅಂತ ಕೇಳಿದರು. ಸುಳ್ಳು ಬರೆದಿಲ್ಲ ಎಂದು ಜಂಬ ಕೊಚ್ಚಿಕೊಳ್ಳುವ ಮೊದಲು ನನ್ನನ್ನು ಒಂದು ಮಾತು ಕೇಳಬೇಕಿತ್ತು.

ಜಡೆಯ ಚಿತ್ರ ಚೆನ್ನಾಗಿದೆ. ಅದನ್ನು ಕೆಲಸದ ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ.

ಇನ್ನು ಕಷ್ಟದ್ದು. ನನಗೆ ಕೋಪ ಬಂದಿದೆ. ಆ ಮೆಟ್ಟಿಲಿನ ದಿನದ ಬಗ್ಗೆ ಹತ್ತೊಂಬತ್ತು ವರ್ಷ ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ, ನಿನ್ನ ಅಳಿಯನ ಹತ್ತಿರವೂ. ನೀನು ಅದನ್ನು ಊರಿಗೆಲ್ಲಾ ಟಿಕೆಟ್ಟಿಲ್ಲದೆ ತೋರಿಸಲು ಹೊರಟಿದ್ದೀಯ. ನಿನಗೆ ಹಗುರ ಮಾಡಿಕೊಳ್ಳಬೇಕು ಅನ್ನಿಸಿದ್ದರೆ ಮಾಡಿಕೋ, ಆದರೆ ಅದರಲ್ಲಿ ನಾನೂ ಇದ್ದೇನಲ್ಲ.

ಅದರ ಫೋಟೊ ಕಳಿಸು. ನೋಡದೆ ಹೂಂ ಅನ್ನಲಾರೆ, ಊಹೂಂ ಅಂತಲೂ ಅನ್ನಲಾರೆ.

ಚೂಟಿ

*

ಫೆಬ್ರವರಿ ೧೫

ಚೂಟಿ,

ಕಾಲರು ಎಂದು ಓದಿದ ಮೇಲೆ ನೆನಪಾಯಿತು, ನೀನು ಹೇಳಿದ್ದೇ ಸರಿ. ಲಂಗವನ್ನು ಅಳಿಸಿ ಅಂಗಿ ಬರೆಯುತ್ತಿದ್ದೇನೆ. ಹಲ್ಲಿನ ಪಾಠಕ್ಕೂ ತಲೆಬಾಗಿದೆ. ಆದರೆ ಒಂದು ಅನುಮಾನ. ನೀನು ಈ ಕೆಲಸ ಕಲಿಯುವ ಹೊತ್ತಿಗೆ ನನ್ನ ಮುಂದಿನ ಹಲ್ಲು ಹೋಗಿ ಏಳೆಂಟು ವರ್ಷವಾಗಿತ್ತು. ಆ ಮೇಲೆ ನಾನು ನಿನ್ನ ಮುಂದೆ ಬಾಯಿ ಬಿಟ್ಟು ನಕ್ಕಿದ್ದೂ ಇಲ್ಲ. ನಂಬರು ಹೇಗೆ ಸಿಕ್ಕಿತು?

ಫೋಟೊ ಇಟ್ಟಿದ್ದೇನೆ. ಕೋಪ ಬಂದರೆ ಹರಿದು ಹಾಕು, ನನ್ನ ಹತ್ತಿರ ಇನ್ನೊಂದಿದೆ.

ಫೋಟೊದಲ್ಲಿ ಬಣ್ಣ ಸರಿಯಾಗಿ ಬಂದಿಲ್ಲ, ಅದಕ್ಕೆ ನಾನೇ ಹೇಳುತ್ತೇನೆ. ಸಭಾಂಗಣದ ಮುಂದೆ ಆರು ಮೆಟ್ಟಿಲು. ಬೆಳಗಿನ ಹತ್ತು ಗಂಟೆಯ ಬಿಸಿಲು. ಮೇಲಿನ ಮೆಟ್ಟಿಲುಗಳಲ್ಲಿ ಹುಡುಗಿಯರ ಸಾಲು, ಎಲ್ಲರಿಗೂ ಬಿಳಿ ಶೂ. ಕೆಳಗಿನ ಮೆಟ್ಟಿಲ ಮೇಲೆ ನಾನು, ಮಗ್ಗುಲಾಗಿ ಬಿದ್ದಿದ್ದೇನೆ, ಬಾಯಿಯಿಂದ ರಕ್ತ. ಅಂಗಿಗೆ ಮಾತ್ರ ಮಡಿಕೆ ಮುರಿಯದ ಇಸ್ತ್ರಿ. ನಿನಗೆ ಕೈಬರಹದ ಬಹುಮಾನ ಬಂದಿತ್ತಲ್ಲ. ನಾನು ಆ ಶಾಲೆಗೆ ಬಂದದ್ದು ಅದೇ ಮೊದಲು. ಅಲ್ಲಿಯ ಟೀಚರುಗಳ ಮುಂದೆ ಏನು ಮಾತಾಡುವುದು ಎಂದು ಹೆದರಿಕೆಯಾಗಿ, ಧೈರ್ಯಕ್ಕೆ ಸ್ವಲ್ಪ ಎಂದು ಶುರು ಮಾಡಿದೆ. ಆ ಸ್ವಲ್ಪ ಎಷ್ಟಾಯಿತು ಎನ್ನುವುದು ಚಿತ್ರದಲ್ಲಿದೆ.

ಬಲಗಡೆಯ ಮೂಲೆಯಲ್ಲಿ ನೀನು. ಎರಡು ಜಡೆ, ನೀಲಿ ಬ್ಯಾಗು, ಬೆನ್ನು. ನಾನು ಬೀಳುವ ಹೊತ್ತಿಗೆ ನೀನು ತಿರುಗಿ ಹೊರಟಿದ್ದೆ. ಪುಣ್ಯಕ್ಕೆ ಹೆಚ್ಚೇನೂ ನೋಡಲಿಲ್ಲ.

ಹಗುರ ಮಾಡಿಕೊಳ್ಳಲು ಎಂದು ನೀನು ಅಂದೆ. ಇರಬಹುದು. ಆದರೆ ಇನ್ನೊಂದು ಕಾರಣವಿದೆ. ಉಳಿದ ಹನ್ನೊಂದನ್ನು ಸಾಲಾಗಿ ಇಟ್ಟು ನೋಡಿದೆ. ತಲೆ ಬಾಚುವ ಅಪ್ಪ, ಇಸ್ತ್ರಿ ಮಾಡುವ ಅಪ್ಪ, ಆಸ್ಪತ್ರೆಯಲ್ಲಿ ಹೆಂಡತಿಯ ಕಾಲೊತ್ತುವ ಗಂಡ. ಕುಡಿದು ಗೋಡೆಗೆ ಒರಗಿದವನೂ ಇದ್ದಾನೆ, ಆದರೆ ಅವನನ್ನು ನೋಡಿದರೂ ಪಾಪ ಅನ್ನಿಸುತ್ತದೆ. ಒಟ್ಟಿನಲ್ಲಿ ಒಳ್ಳೆಯ ಮನುಷ್ಯ, ಕಾಲ ಕೈಕೊಟ್ಟಿತು, ಅಷ್ಟೇ. ಹನ್ನೆರಡನೆಯದಿಲ್ಲದಿದ್ದರೆ ಹನ್ನೊಂದೂ ಜಾಹೀರಾತು, ಚೂಟಿ. ಜಾಹೀರಾತು ನಾನು ಬೇಕಾದಷ್ಟು ಬರೆದಿದ್ದೇನೆ.

ಆದರೂ ನಿನ್ನ ಮಾತೇ ಕೊನೆ.

ಅಪ್ಪ

*

ಮಾರ್ಚ್ ೫

ಚೂಟಿ,

ನಿನ್ನಿಂದ ಕಾಗದವಿಲ್ಲ. ಅವಸರ ಮಾಡುತ್ತಿಲ್ಲ, ಸುಮ್ಮನೆ ಬರೆಯುತ್ತಿದ್ದೇನೆ.

ಏಣಿಯ ಮೇಲಿನವನಿಗೆ ನೀನು ಹೇಳಿದಂತೆಯೇ ಹಲ್ಲು ಬರೆದೆ. ಬುಡಕ್ಕೆ ಹಳದಿ, ನಡುವೆ ಕೆನೆ, ತುದಿಯಲ್ಲಿ ಬಣ್ಣವನ್ನು ಬಟ್ಟೆಯಿಂದ ಒರೆಸಿ ತೆಗೆದೆ. ಎರಡು ದಿನ ಹಿಡಿಯಿತು. ಮುಗಿಸಿ ಹಿಂದೆ ಸರಿದು ನೋಡಿದರೆ, ಅವನು ನಿಜವಾಗಿ ನಗುತ್ತಿದ್ದ. ಇಷ್ಟು ದಿನ ನಗುವ ಹಾಗೆ ನಟಿಸುತ್ತಿದ್ದ ಎಂದು ಆಗ ಗೊತ್ತಾಯಿತು. ನಾನು ಎಷ್ಟು ಹೊತ್ತು ಸಂತೋಷವಾಗಿ ಕೂತಿದ್ದೆ ಎಂದರೆ, ಒಲೆಯ ಮೇಲಿಟ್ಟ ಅನ್ನ ತಳ ಹಿಡಿಯಿತು. ಅದನ್ನೇ ಕೆರೆದು ತಿಂದೆ, ರುಚಿಯಾಗಿಯೇ ಇತ್ತು.

ಮೇಡಂ ಮಹಡಿಯ ಗೋಡೆ ಅಳೆದು ಮೊಳೆ ಹೊಡೆಸುತ್ತಿದ್ದಾರೆ. ಹನ್ನೊಂದು ಸಾಕು, ಹನ್ನೆರಡನೆಯದಕ್ಕೆ ಹೊಡೆಯಬೇಡಿ ಎಂದಿದ್ದೇನೆ. ನೀನು ಸುಮ್ಮನಿದ್ದರೆ ಬೇಡವೆಂದೇ ತಿಳಿಯುತ್ತೇನೆ. ಅದಕ್ಕಾಗಿ ಮನಸ್ಸಿಗೆ ಏನೂ ಹಚ್ಚಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಪ್ಪ

*

ಮಾರ್ಚ್ ೧೯

ಅಪ್ಪ,

ಇದನ್ನು ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ಮೂರು ಹರಿದೆ. ಇದನ್ನು ಹರಿಯುವ ಮೊದಲು ಅಂಚೆಗೆ ಹಾಕಿಬಿಡಬೇಕು ಎಂದು ಚಪ್ಪಲಿ ಹಾಕಿಕೊಂಡೇ ಕೂತಿದ್ದೇನೆ.

ಹನ್ನೆರಡನೆಯದನ್ನು ತೂಗುಹಾಕಬೇಡ. ನೀನು ಅಂದುಕೊಂಡ ಕಾರಣಕ್ಕಲ್ಲ. ಅದರಲ್ಲಿ ತಪ್ಪಿದೆ.

ನಾನು ತಿರುಗಿ ಹೋಗಿರಲಿಲ್ಲ. ನೀನು ಬಿದ್ದಾಗ ನಾನು ಮೂರನೆಯ ಮೆಟ್ಟಿಲ ಮೇಲೆ, ಸಾಲಿನಲ್ಲೇ ನಿಂತಿದ್ದೆ. ಬಿದ್ದ ಸದ್ದೂ ಕೇಳಿದೆ. ನಿನ್ನ ಬಾಯಿಂದ ಏನೋ ಹಾರಿ ಕೆಳಗೆ ಹೋದದ್ದು ಕಂಡಿತು. ನಾನು ಓಡಿದ್ದು ಅದರ ಹಿಂದೆ. ಎಲ್ಲರೂ ನಿನ್ನ ಸುತ್ತ ಸೇರಿದ್ದರು, ನಾನು ಬಗ್ಗಿ ಮೆಟ್ಟಿಲ ಸಂದಿಯಲ್ಲಿ ನಿನ್ನ ಹಲ್ಲು ಹುಡುಕುತ್ತಿದ್ದೆ. ಎರಡು ಹೋಗಿತ್ತು, ಒಂದು ಸಿಕ್ಕಿತು. ಗೋಂದಿನಿಂದ ಅಂಟಿಸಬಹುದು ಅಂದುಕೊಂಡಿದ್ದೆ, ಹನ್ನೊಂದು ವರ್ಷದ ತಲೆ. ಕಂಪಾಸು ಪೆಟ್ಟಿಗೆಯಲ್ಲಿ ಹತ್ತಿಯಲ್ಲಿ ಸುತ್ತಿಟ್ಟೆ. ಅದು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ನಂಬರು ಹೇಗೆ ಸಿಕ್ಕಿತು ಎಂದು ಕೇಳಿದೆಯಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಬಣ್ಣದ ಪಟ್ಟಿ ಕೈಗೆ ಕೊಟ್ಟಾಗ ನಾನು ಮೊದಲು ಹೊಂದಿಸಿ ನೋಡಿದ್ದು ಅದನ್ನೇ.

ಇಷ್ಟೇ ಆಗಿದ್ದರೆ ಎಂದೋ ಹೇಳುತ್ತಿದ್ದೆ. ಒಳ್ಳೆಯದನ್ನು ಹೇಳಿಕೊಳ್ಳಲು ಯಾರಿಗೆ ಕಷ್ಟ?

ಹಲ್ಲು ಮುಷ್ಟಿಯಲ್ಲಿ ಹಿಡಿದು ಎದ್ದೆ. ಎದುರಿಗೆ ಹೆಡ್‌ ಮಿಸ್ ನಿಂತಿದ್ದರು. ಅವರು ನನ್ನನ್ನು ನೋಡಿ, “ಇವರು ನಿಮ್ಮ ಕಡೆಯವರಾ?” ಅಂತ ಕೇಳಿದರು. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು, “ಅಲ್ಲ ಮಿಸ್, ಯಾರೋ ಗೊತ್ತಿಲ್ಲ” ಅಂದೆ. ಗಟ್ಟಿಯಾಗಿಯೇ ಅಂದೆ. ಅವರು ಜವಾನನಿಗೆ, ಇವರನ್ನು ಗೇಟಿನ ಹೊರಗೆ ಕೂರಿಸು ಅಂದರು. ಅವನು ನಿನ್ನ ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಹೋದ. ನಾನು ಒಳಗೆ ಹೋಗಿ, ಹೆಸರು ಕರೆದಾಗ ವೇದಿಕೆ ಹತ್ತಿ, ಬಲಗೈ ಮುಷ್ಟಿ ಬಿಚ್ಚದೆ ಎಡಗೈಯಲ್ಲಿ ಬಹುಮಾನ ತೆಗೆದುಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನೀನು ಫೋನು ಮಾಡಿದಾಗ ನಾನು ಬರೀ ಹೂಂ ಅನ್ನುವುದು ನಿನ್ನ ಮೇಲಿನ ಸಿಟ್ಟಿಗೆ ಅಂದುಕೊಂಡಿದ್ದೀಯ. ಮೊದಲು ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಅದು ಹೋಗಿ ಬಹಳ ವರ್ಷವಾಯಿತು. ಉಳಿದದ್ದು ನಾಚಿಕೆ ಅಪ್ಪ. ನೀನು ‘ಚೂಟಿ’ ಅಂದ ಕೂಡಲೇ ನನಗೆ ಆ ಮೆಟ್ಟಿಲು ಕಾಣುತ್ತದೆ.

ನಿನ್ನ ಚಿತ್ರದಲ್ಲಿ ತಪ್ಪೆಲ್ಲಾ ನಿನ್ನದು, ಮೂಲೆಯ ಹುಡುಗಿ ಪಾಪದವಳು. ಜಾಹೀರಾತು ಬೇಡವೆಂದರೆ ಅದನ್ನೂ ತೂಗುಹಾಕಬಾರದು, ಅದು ನನ್ನ ಜಾಹೀರಾತು.

ಚೂಟಿ

*

ಮಾರ್ಚ್ ೨೪

ಚೂಟಿ,

ನಿನ್ನ ಕಾಗದ ಓದಿ ಕುಂಚ ತೊಳೆಯಲು ಹೋದೆ. ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆದೆ. ಅತ್ತುಬಿಟ್ಟೆ ಎಂದು ಬರೆಯಲು ನನಗೇನೂ ಸಂಕೋಚವಿಲ್ಲ.

ಮೇಡಂ ಹತ್ತಿರ ಒಂದರಲ್ಲೂ ಸುಳ್ಳಿಲ್ಲ ಎಂದಿದ್ದೆನಲ್ಲ. ಒಂದರಲ್ಲಿ ಇದೆ. ಅದನ್ನು ಬೇಕೆಂದೇ ಬರೆದೆ.

ನೀನು ಅಂದದ್ದು ನನಗೆ ಕೇಳಿಸಿತ್ತು. ಕುಡಿದವನಿಗೆ ಕಾಲು ನಿಲ್ಲುವುದಿಲ್ಲ, ಆದರೆ ಕಿವಿಗೇನೂ ಆಗಿರುವುದಿಲ್ಲ. ಅದರಲ್ಲೂ ನಿನ್ನ ದನಿ. ಅವತ್ತು ಗೇಟಿನ ಹೊರಗೆ ಕೂತು ನಾನು ಏನು ಯೋಚಿಸಿದೆ ಗೊತ್ತೇ? ಸದ್ಯ, ನಮ್ಮ ಮನೆಯಲ್ಲಿ ಒಬ್ಬಳಿಗಾದರೂ ತನ್ನನ್ನು ಉಳಿಸಿಕೊಳ್ಳಲು ಬರುತ್ತದೆ ಅಂದುಕೊಂಡೆ. ನೋವಾಗಲಿಲ್ಲ ಎಂದರೆ ನೀನು ನಂಬುವುದಿಲ್ಲ. ನೋವಾಯಿತು. ಆದರೆ ಹೌದು ಎಂದು ನೀನು ಹೇಳಬೇಕಾಗಿ ಬಂದಿದ್ದರೆ ಅದಕ್ಕಿಂತ ಹೆಚ್ಚು ಆಗುತ್ತಿತ್ತು.

ಮೊದಲು ಬರೆದಾಗ ಆ ಹುಡುಗಿಗೆ ಮುಖ ಇತ್ತು. ಬಾಯಿ ಅರ್ಧ ತೆರೆದ ಮುಖ. ಮೇಡಂ ನೋಡಿದವರೇ, “ಈ ಹುಡುಗಿ ಏನೋ ಹೇಳ್ತಿದಾಳಲ್ಲ, ಏನು?” ಅಂದರು. ಅವರು ಅತ್ತ ಹೋದ ಮೇಲೆ ಚಾಕು ತೆಗೆದುಕೊಂಡು ಮುಖವನ್ನು ಕೆರೆದು ತೆಗೆದೆ, ಅದೇ ಜಾಗದಲ್ಲಿ ಬೆನ್ನು ಬರೆದೆ. ಅವಳು ಏನೂ ನೋಡಲಿಲ್ಲ, ಏನೂ ಹೇಳಲಿಲ್ಲ, ಹೊರಟೇ ಹೋಗಿದ್ದಳು ಎಂದು ಇರಲಿ ಅಂತ. ನನಗೆ ಕೇಳಿಸಿತ್ತು ಎನ್ನುವುದು ನಿನಗೆ ಎಂದೂ ತಿಳಿಯಬಾರದು ಎಂದಿದ್ದೆ.

ಆದರೆ ಹಲ್ಲಿನ ವಿಷಯ ನನಗೆ ಗೊತ್ತಿರಲಿಲ್ಲ. ಒಂದು ಜೊತೆ ಬಿಳಿ ಶೂ ನನ್ನ ಮುಖದ ಹತ್ತಿರ ಬಂದು, ಅಲ್ಲೇ ಸುತ್ತಾಡಿ, ದೂರ ಹೋದದ್ದು ನೆನಪಿದೆ. ಯಾರೋ ಹುಡುಗಿ ಬೀಳಿಸಿಕೊಂಡ ಪೆನ್ನು ಹುಡುಕುತ್ತಿದ್ದಾಳೆ ಅಂದುಕೊಂಡಿದ್ದೆ. ಹತ್ತೊಂಬತ್ತು ವರ್ಷ ನನ್ನ ಹತ್ತಿರ ಅರ್ಧ ದಿನ ಮಾತ್ರ ಇತ್ತು, ಚೂಟಿ. ನೀನು ಅಂದದ್ದು ಇತ್ತು, ನೀನು ಹುಡುಕಿದ್ದು ಇರಲಿಲ್ಲ. ಈಗ ಎರಡೂ ಇವೆ. ಇಷ್ಟು ವಯಸ್ಸಾದ ಮೇಲೆ ಇಂಥ ಉಡುಗೊರೆ ಸಿಗುತ್ತದೆ ಎಂದು ನಾನು ಎಣಿಸಿರಲಿಲ್ಲ. ನಿನ್ನೆಯಿಂದ ಮನೆಯಲ್ಲಿ ಸುಮ್ಮಸುಮ್ಮನೆ ಓಡಾಡುತ್ತಿದ್ದೇನೆ, ಬಾಯಿ ತೆರೆದು ನಗುತ್ತಿದ್ದೇನೆ, ನೋಡುವವರು ಯಾರೂ ಇಲ್ಲ.

ಪ್ರತಿ ಚಿತ್ರದ ಕೆಳಗೆ ಒಂದು ಸಾಲು ವಿವರಣೆ ಬೇಕು ಎಂದು ಮೇಡಂ ತಲೆ ತಿನ್ನುತ್ತಿದ್ದರು. ಹನ್ನೊಂದಕ್ಕೆ ಬರೆದುಕೊಟ್ಟೆ. ಹನ್ನೆರಡನೆಯದನ್ನು ಬಟ್ಟೆ ಸುತ್ತಿ ಬೀರುವಿನ ಹಿಂದೆ ಇಟ್ಟಿದ್ದೇನೆ. ಅಲ್ಲೇ ಇರಲಿ. ನಮ್ಮಿಬ್ಬರಿಗೆ ಗೊತ್ತಾಯಿತಲ್ಲ, ಸಾಕು.

ಅಪ್ಪ

*

ಮಾರ್ಚ್ ೩೦

ಅಪ್ಪ,

ನಿನ್ನ ಕಾಗದವನ್ನು ಕೆಲಸದ ಕೋಣೆಯಲ್ಲಿ ಓದಿದೆ, ಓದಬಾರದಿತ್ತು. ಪಕ್ಕದ ಮೇಜಿನವಳು ಬಂದು, “ಪುಡಿ ಕಣ್ಣಿಗೆ ಹೋಯ್ತಾ?” ಅಂತ ನೀರು ತಂದುಕೊಟ್ಟಳು. ತೊಳೆದುಕೊಂಡೆ.

ಸಂಜೆ ನಿನ್ನ ಅಳಿಯನಿಗೆ ಎಲ್ಲ ಹೇಳಿದೆ, ಮೊದಲಿಂದ ಕೊನೆಯ ತನಕ. ಬಸ್ಸಿನ ಬ್ರೇಕು ರಿಪೇರಿ ಮಾಡುವವನು, ಏನು ಅನ್ನುತ್ತಾನೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಅವನು, “ಹನ್ನೊಂದು ವರ್ಷದವಳಿಗೆ ಇನ್ನೆಷ್ಟು ದಿನ ಶಿಕ್ಷೆ ಕೊಡ್ತೀಯ?” ಅಂದ. ಆಮೇಲೆ ಅವನ ಹಲ್ಲು ಎಷ್ಟನೆಯ ನಂಬರು ಎಂದು ಕೇಳಿದ. ಹೇಳಿದೆ, ಅವನಿಗೆ ಬೇಜಾರಾಯಿತು.

ಈಗ ನನ್ನ ಒಪ್ಪಿಗೆ. ಹನ್ನೆರಡನೆಯದನ್ನು ಬೀರುವಿನ ಹಿಂದಿನಿಂದ ತೆಗೆ. ಅದಕ್ಕೂ ಮೊಳೆ ಹೊಡೆಸು. ಆದರೆ ಬೆನ್ನನ್ನು ಕೆರೆದು ಮುಖ ಬರೆ, ಬಾಯಿ ಅರ್ಧ ತೆರೆದದ್ದೇ ಬರೆ. ಮುಷ್ಟಿಯನ್ನೂ ಬರೆ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಎರಡು ದಿನ ಇರುತ್ತೇನೆ, ಎಷ್ಟು ಹೊತ್ತು ಅಲುಗಾಡದೆ ಕೂರು ಅಂದರೂ ಕೂರುತ್ತೇನೆ. ಹನ್ನೊಂದು ವರ್ಷದ ಮುಖ ಈಗ ಇಲ್ಲ. ಇರುವುದನ್ನು ನೋಡಿಕೊಂಡು ಬರೆ, ನೀನೇ ಚಿಕ್ಕದು ಮಾಡಿಕೋ.

ಕೆಳಗಿನ ಸಾಲಿಗೆ ಮೇಡಂ ಕಾಯುವುದು ಬೇಡ, ಅದನ್ನು ನಾನು ಹೇಳುತ್ತೇನೆ: ‘ಬಿದ್ದಿರುವವರು ಈ ಹುಡುಗಿಯ ಅಪ್ಪ.’

ಇದನ್ನು ಅವರ ಕೈಯಲ್ಲಿ ಟೈಪು ಮಾಡಿಸಬೇಡ. ನಿನ್ನ ಕೈಯಾರೆ ಬರೆ, ದೊಡ್ಡ ಅಕ್ಷರದಲ್ಲಿ, ರಸ್ತೆಯ ಆಚೆ ಬದಿಯಿಂದ ನೋಡಿದವರಿಗೂ ಕಾಣುವ ಹಾಗೆ.

ನಿನ್ನ ಮಗಳು